ಬಾಲಚುಕ್ಕಿಗಾಗಿ ಮಗ್ಗ ನಿಲ್ಲಿಸಿದ್ದು

ನಮ್ಮ ಇಳಕಲ್ಲಿನ ಓಣಿಯಲ್ಲಿ ಕರೆಂಟು ಹೋದರೆ ಬೆಳಕಿಗಿಂತ ಮೊದಲು ಸದ್ದು ಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಪವರ್‌ಲೂಮು, ಹಿಂದಿನ ಮನೆಯಲ್ಲಿ ಮತ್ತೆರಡು. ಬೆಳಕು ಹರಿಯುವ ಮೊದಲೇ ಶುರುವಿಟ್ಟರೆ ನಮ್ಮ ಅಡಿಗೆಮನೆಯ ಚಮಚಗಳು ಡಬ್ಬಿಯೊಳಗೇ ಕುಣಿಯುತ್ತಿರುತ್ತವೆ. ಬೀಗರು ಬಂದವರು, "ಇದರಾಗ ಹೆಂಗ ನಿದ್ದಿ ಮಾಡ್ತೀರಿ" ಎಂದು ಕೇಳುತ್ತಾರೆ. ನಮಗೆ ಸದ್ದಿದ್ದರೇ ನಿದ್ದೆ. ನಿಂತರೆ ಎಚ್ಚರ.

ಹೋದ ತಿಂಗಳು ಒಂದು ಬೆಳಗಿನ ಜಾವ ಚಹಾಕ್ಕೆ ನೀರಿಟ್ಟು ನಿಂತಿದ್ದೆ, ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೇ ಗಪ್ಪಾಯಿತು. ಆ ಗಪ್ಪಿನಲ್ಲಿ ನನ್ನ ಮುಖ ತಾನಾಗಿ ಮೇಲಕ್ಕೆ ಹೋಯಿತು, ಬಾಯಿಯಿಂದ ಮಾತೂ ತಾನಾಗಿ ಬಿತ್ತು: "ಮಗ್ಗ ನಿಂತೈತ್ರಿ ಮಾಸ್ತರ, ನೋಡ್ಕೋರಿ."

ಹೇಳಿದ ಮೇಲೆ ನಾನೇ ಬೆಪ್ಪಾದೆ. ಮೇಲೆ ಈಗ ಮಾಳಿಗೆಯೂ ಇಲ್ಲ, ಬೆಳಕಿಂಡಿಯೂ ಇಲ್ಲ. ಸಿಮೆಂಟಿನ ಸ್ಲ್ಯಾಬು, ಅದಕ್ಕೆ ನೇತುಬಿದ್ದ ಒಂದು ಫ್ಯಾನು. ಮೊಮ್ಮಗಳು ಅಕ್ಷತಾ ಬಾಗಿಲಲ್ಲಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಅವಳದು, ರಜೆಗೆ ಬಂದಿದ್ದಳು.

"ಯಾವ ಮಾಸ್ತರ, ಆಯಿ? ಫ್ಯಾನಿನ ಮ್ಯಾಲ ಯಾರ ಅದಾರ?"

"ಯಾರೂ ಇಲ್ಲ. ಚಾ ಕುಡಿ."

"ಹೇಳಲಿಲ್ಲಂದ್ರ ಅಪ್ಪಗ ಹೇಳ್ತೇನಿ ನೋಡ, ಆಯಿ ಫ್ಯಾನಿನ ಕೂಡ ಮಾತಾಡಾಕತ್ತಾಳ ಅಂತ."

ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕರೆಂಟು ಬರುವವರೆಗೆ ನನಗೂ ಬೇರೆ ಕೆಲಸವಿಲ್ಲ.

ಆಗ ಈ ಮನೆ ಮಣ್ಣಿನ ಮಾಳಿಗೆಯದು. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಒಂದು ಮೊಳ ಮಣ್ಣು. ನಡುಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಹಲಗೆ ಬಡಿದಾಗಲೆಲ್ಲ ನೆಲದ ನಡುಕ ಕಂಬ ಹತ್ತಿ, ತೊಲೆ ಹಿಡಿದು, ಮಾಳಿಗೆಯವರೆಗೆ ಹೋಗುತ್ತಿತ್ತು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಸಂಜೆಯೊಳಗೆ ತಾವೇ ನಡೆದು ಒಂದು ಮೂಲೆಗೆ ಬಂದು ಕೂತಿರುತ್ತಿದ್ದವು. ಉತ್ಪ್ರೇಕ್ಷೆ ಅನ್ನಿ ಬೇಕಾದರೆ, ಆದರೆ ಬಹಳ ಅಲ್ಲ. ಬೆಳಕು ಬೀಳಲೆಂದು ಮಾಳಿಗೆಯ ನಡುವೆ ಒಂದು ಕಿಂಡಿ ಇತ್ತು. ಮೇಲಿದ್ದವರು, ಕೆಳಗಿದ್ದವರು ಅದರ ಮೂಲಕವೇ ಮಾತಾಡುತ್ತಿದ್ದೆವು.

ನಮ್ಮ ಯಜಮಾನರು ಮಗ್ಗಕ್ಕೆ ಕೂತರೆ ಮಾತಿಲ್ಲ, ಎದ್ದ ಮೇಲೂ ಅಷ್ಟಕ್ಕಷ್ಟೇ. ಮನೆಯ ಮಾತಿನ ಕಾರಭಾರವೆಲ್ಲ ನಮ್ಮ ಅತ್ತೆ ಗಂಗವ್ವನದು. ಅತ್ತೆಗೆ ಒಂದೇ ಒಂದು ಹಮ್ಮು ಇತ್ತು. ಓಣಿಯಲ್ಲಿ ಮೊದಲು ಸದ್ದು ಮಾಡುವ ಮಗ್ಗ ನಮ್ಮದಾಗಿರಬೇಕು. ಉಳಿದವರ ಮನೆಯಲ್ಲಿ ಬೆಳಕಾದ ಮೇಲೆ ಶುರುವಾದರೆ ನಮ್ಮಲ್ಲಿ ಕಂದೀಲು ಹಚ್ಚಿಕೊಂಡು ಶುರು. ಒಂದು ದಿನ ತಡವಾದರೂ, "ಗಂಗವ್ವನ ಮನ್ಯಾಗ ಇನ್ನೂ ಎದ್ದಿಲ್ಲೇನ" ಎಂದು ಯಾರಾದರೂ ಕೇಳಿಬಿಡುತ್ತಾರೆಂಬ ಭಯ. ನಾನು ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಅತ್ತೆ ಆ ಸುಖವನ್ನೂ ಕಂಡಿರಲಿಲ್ಲ. ಆದರೆ ಬೆಳಿಗ್ಗೆ ಏಳುವ ವಿಷಯದಲ್ಲಿ ಆಕೆಯ ಮುಂದೆ ಕೋಳಿಗಳೂ ಸೋತಿದ್ದವು.

ಇಂಥ ಮನೆಯ ಮುಂದಿನ ಖೋಲಿಯನ್ನು ಗುರುಪಾದಪ್ಪ ಮಾಸ್ತರ ಬಾಡಿಗೆಗೆ ಹಿಡಿದರು. ಶಿರೂರಿನವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ತೊಲೆಗೆ ತಲೆ ಬಡಿಸಿಕೊಳ್ಳದ ದಿನವಿಲ್ಲ. ಸಾಮಾನೆಂದರೆ ಒಂದು ಟ್ರಂಕು, ಒಂದು ಸ್ಟೋವು, ಮತ್ತು ಎರಡಾಳು ಹೊರುವಷ್ಟು ದಪ್ಪದ ಒಂದು ಕೊಳವೆ. ಅದು ದುರ್ಬೀನು. ಅದರೊಳಗಿನ ಕನ್ನಡಿಯನ್ನು ಅವರೇ ಗಾಜಿಗೆ ಗಾಜು ತಿಕ್ಕಿ ತಿಕ್ಕಿ ಮಾಡಿದ್ದರಂತೆ. ಎಷ್ಟು ಕಾಲ ತಿಕ್ಕಿದಿರಿ ಎಂದು ಕೇಳಿದೆ. "ಒಂದು ಚಳಿಗಾಲ ಪೂರಾ" ಎಂದರು. ಆ ಹೊತ್ತಿನಲ್ಲಿ ಒಂದು ಹೆಣ್ಣು ನೋಡಿ ಮದುವೆ ಮಾಡಿಕೊಂಡು ಬರಬಹುದಿತ್ತಲ್ಲ ಎಂದು ನನಗನ್ನಿಸಿತು. ಅತ್ತೆ ಅದನ್ನು ಅಂದೇಬಿಟ್ಟರು.

ದಿನಾಲೂ ಸೂರ್ಯ ಮುಳುಗಿದ ಮೇಲೆ ಒಂದಿಷ್ಟು ಹೊತ್ತು, ಮೂಡುವ ಮೊದಲು ಒಂದಿಷ್ಟು ಹೊತ್ತು ಮಾಸ್ತರ ಮಾಳಿಗೆಯ ಮೇಲೆ. ಓಣಿಯಲ್ಲಿ ಗುಲ್ಲಾಯಿತು. ನಮ್ಮೂರಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿರುತ್ತವೆ, ಹೆಂಗಸರು ಅಲ್ಲೇ ಹರಟೆ ಹೊಡೆಯುವುದು. ಪಕ್ಕದ ಮನೆಯ ನೀಲವ್ವ ನಮ್ಮ ಅಂಗಳಕ್ಕೇ ಬಂದು ನಿಂತಳು.

"ಗಂಗವ್ವಾ, ನಿಮ್ಮ ಬಾಡಿಗಿ ಮಾಸ್ತರ ಕೊಳವಿ ಹಿಡ್ಕೊಂಡ ಎಲ್ಲಿ ನೋಡ್ತಾನ ಅಂತ ಕೇಳಿಯೇನ?"

"ಮ್ಯಾಲ ನೋಡ್ತಾನ."

"ಮ್ಯಾಲ ಏನೈತಿ ನೋಡಾಕ?"

"ನಿನ್ನ ಮಾರಿಗಿಂತ ಚಲೋದು ಏನರ ಇದ್ದೀತು."

ನೀಲವ್ವ ಹೋದ ಮೇಲೆ ಅತ್ತೆ ಮಾಸ್ತರನ್ನು ಕರೆದು, ಖರೇ ಹೇಳು ಎಂದು ಕೂಡ್ರಿಸಿದರು. ಮಾಸ್ತರ ಹೇಳಿದ್ದು ಇಷ್ಟು. ಆಕಾಶದಲ್ಲಿ ಯಾರೂ ಇನ್ನೂ ಕಾಣದ ಬಾಲಚುಕ್ಕಿಗಳು ಇವೆ. ದೂರದಿಂದ ಸೂರ್ಯನ ಕಡೆ ಬರುತ್ತವೆ, ಸುತ್ತಿ ಹೋಗುತ್ತವೆ. ಸೂರ್ಯನ ಆಚೀಚೆ ಹುಡುಕಿದರೆ ಸಿಕ್ಕಾವು. ಮೊದಲು ಕಂಡವರ ಹೆಸರನ್ನೇ ಅದಕ್ಕೆ ಇಡುತ್ತಾರೆ. ಕಾಲೇಜಿನ ದಿನಗಳಿಂದ ಅವರು ಹುಡುಕುತ್ತಿದ್ದಾರೆ. ಒಂದು, ಒಂದೇ ಒಂದು ಸಿಕ್ಕರೆ ಸಾಕು.

"ಹೆಸರಿಡಾಕ ಮಕ್ಕಳ ಬೇಕಂದ್ರ ಮದಿವಿ ಮಾಡ್ಕೋಬೇಕಪ್ಪಾ" ಎಂದರು ಅತ್ತೆ. ಅಷ್ಟರಲ್ಲಿ ಬಾಲಚುಕ್ಕಿ ಎಂಬ ಮಾತು ಅವರ ತಲೆಗೆ ಇಳಿಯಿತು. "ಕಸಬರಿಗಿ ಚುಕ್ಕಿ ಏನ? ಬ್ಯಾಡೋ ಯಪ್ಪಾ. ಅದು ಬಂದ ಮನಿ ಗುಡಿಸಿಕೊಂಡ ಹೋಗ್ತೈತಿ. ನನ್ನ ಮಾಳಗಿ ಮ್ಯಾಲ ನಿಂತು ಅದನ್ನ ಕರೀಬ್ಯಾಡ."

"ನಾ ಕರಿಯೂದಿಲ್ರಿ ಯವ್ವಾ. ಅದು ಬಂದ್ರ ನೋಡ್ತೇನಿ, ಅಷ್ಟ."

ಅದು ಬಂತು.

ಒಂದು ಬೆಳಗಿನ ಜಾವ ನಾನು ಅಂಗಳದಲ್ಲಿ ನೀರು ಕಾಯಿಸುತ್ತಿದ್ದೆ, ಒಳಗೆ ಮಗ್ಗ ಶುರುವಾಗಿತ್ತು. ಮಾಸ್ತರ ನಿಚ್ಚಣಿಕೆಯನ್ನು ಅರ್ಧ ಇಳಿದು ಅರ್ಧ ಜಾರಿ ಬಂದರು. ಮೈಯೆಲ್ಲ ಮಣ್ಣು.

"ಅಕ್ಕಾರ, ಮಗ್ಗ ಒಂದೀಟು ನಿಲ್ಲಸ್ರಿ. ಅಲ್ಲೇನೋ ಐತಿ. ಮಗ್ಗ ಬಡದಂಗ ಎಲ್ಲಾ ಕುಣಿಯಾಕತ್ತೈತಿ. ಚುಕ್ಕಿನೋ, ಮಬ್ಬೋ, ಏನೂ ತಿಳಿವಲ್ದು."

ನಾನು ಏನೂ ಹೇಳುವ ಮೊದಲೇ ಅತ್ತೆ ಹೊಸ್ತಿಲಿಗೆ ಬಂದಿದ್ದರು. ಮಗ್ಗದ ಮೇಲೆ ಕಮತಗಿಯ ವ್ಯಾಪಾರಿಯೊಬ್ಬರ ಮಗಳ ಧಾರೆ ಸೀರೆ ಇತ್ತು, ಮದುವೆ ಹತ್ತಿರ ಬಂದಿತ್ತು. ಧಾರೆ ಸೀರೆ ಅರ್ಧಕ್ಕೆ ಬಿಟ್ಟು ಕಸಬರಿಗೆ ಚುಕ್ಕಿಯನ್ನು ನೋಡುವುದೇ? ಅದಕ್ಕಿಂತ ಹೆಚ್ಚಾಗಿ, ಓಣಿಯಲ್ಲಿ ನಮ್ಮ ಮಗ್ಗದ ಸದ್ದು ಕೇಳದೆ ನೀಲವ್ವನ ಮನೆಯ ಮಗ್ಗ ಮೊದಲು ಕೇಳುವುದೇ?

"ಚುಕ್ಕಿಗಿ ಹೇಳ, ಬೆಳಕಾದ ಮ್ಯಾಲ ಬಾ ಅಂತ."

"ಬೆಳಕಾದ್ರ ಕಾಣೂದಿಲ್ರಿ."

"ಹಂಗಾರ ಅದರ ಕಡೀದ ತಪ್ಪು."

ಮಾಸ್ತರ ಮತ್ತೆ ಹತ್ತಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು. ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ನೋಡುವುದು ನನಗೆ ಆಗುವುದಿಲ್ಲ. ಕನಿಕರವೆಂದು ತಿಳಿಯಬೇಡಿ, ಕಿರಿಕಿರಿ. ಹೇಗಾದರೂ ಅದನ್ನು ಮುಗಿಸಬೇಕೆನ್ನಿಸುತ್ತದೆ. ಎಷ್ಟು ದಿನ ನಿಲ್ಲಿಸಬೇಕು ಎಂದು ಕೇಳಿದೆ.

"ಮೂರು ಮುಂಜಾನಿ ಸಿಕ್ರ ಸಾಕ್ರಿ. ಮೂರು ಸಲ ಅದು ಎಲ್ಲೆಲ್ಲಿ ಐತಿ ಅಂತ ಬರಕೊಂಡ್ರ, ಹೋಗು ದಾರಿ ಲೆಕ್ಕ ಹಾಕಬಹುದು."

ಇಲ್ಲಿ ನಮ್ಮ ಕೆಲಸದ ಒಂದು ಮಾತು ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಒಡಲು ನೇಯುವ ಮೊದಲು ಈ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಹೆಂಗಸರು ಎದುರು ಬದುರು ಕೂತು ಮಾಡುವ ಕೆಲಸ, ಹಗಲ ಬೆಳಕಿನಲ್ಲಿ ಮಾಡುವ ಕೆಲಸ. ಕೊಂಡಿ ಹಾಕುವಾಗ ಮಗ್ಗ ಸುಮ್ಮನಿರಲೇಬೇಕು. ಧಾರೆ ಸೀರೆಯ ಸೆರಗು ಅವತ್ತು ಸಂಜೆಗೆ ಮುಗಿಯುವುದಿತ್ತು. ಮರುದಿನ ಕೊಂಡಿ.

"ಅತ್ತಿ, ಕೊಂಡಿ ಹೆಂಗೂ ಹಾಕಬೇಕಲ್ಲ. ಹಗಲ ಬ್ಯಾಡ, ಮುಂಜಾನಿ ಕಂದೀಲ ಹಚಗೊಂಡ ಹಾಕೂಣು. ಮೂರು ಮುಂಜಾನಿ ಹಂಚಗೊಂಡ್ರಾತು. ಬೆಳಕಾದ ಮ್ಯಾಲ ಮುಂದಿನ ಸೀರಿ ನೂಲ ಸುತ್ತೂಣು."

"ಸದ್ದಿಲ್ಲಂತ ಓಣ್ಯಾಗ ಕೇಳಿದ್ರ?"

"ಗಂಗವ್ವನ ಮನ್ಯಾಗ ಓಣಿ ಏಳೂದ್ರಾಗ ಕೊಂಡೀನ ಮುಗದೈತಿ ಅಂತ ಹೇಳ್ರಿ."

ಈ ಮಾತು ಅತ್ತೆಗೆ ಹಿಡಿಸಿತು. ಬೇರೆ ಯಾವ ಮಾತಿಗೂ ಅವರು ಒಪ್ಪುತ್ತಿರಲಿಲ್ಲ.

ಮೂರು ಬೆಳಗು ನಾನು ಅತ್ತೆ ಎದುರು ಬದುರು ಕೂತು, ನಡುವೆ ಕಂದೀಲಿಟ್ಟುಕೊಂಡು, ಕೆಂಪೆಳೆಗೆ ಒಡಲಿನ ಎಳೆ ಸಿಕ್ಕಿಸಿದೆವು. ಕಂದೀಲಿನ ಬೆಳಕಿಗೆ ಕೆಂಪೂ ಕಪ್ಪೇ. ತಪ್ಪಿದ್ದನ್ನು ಬಿಚ್ಚಿ ಹಾಕಿ, ಹಾಕಿ ಬಿಚ್ಚಿ, ಅತ್ತೆ ಬಾಲಚುಕ್ಕಿಯ ವಂಶವನ್ನೆಲ್ಲ ಬೈದರು. ಕೂಡುವ ಮೊದಲು ನಾನು ಬೆಳಕಿಂಡಿಗೆ ಮುಖಮಾಡಿ, "ಮಗ್ಗ ನಿಂತೈತ್ರಿ ಮಾಸ್ತರ, ನೋಡ್ಕೋರಿ" ಎನ್ನುತ್ತಿದ್ದೆ. ಮೇಲಿನಿಂದ ಮಣ್ಣಿನ ಒಂದೆರಡು ಹರಳು ಬೀಳುತ್ತಿದ್ದವು, ಅದೇ ಉತ್ತರ.

ಎರಡನೆಯ ದಿನ ನನ್ನನ್ನೂ ಮೇಲೆ ಕರೆದರು. ಕೊಳವೆಗೆ ಕಣ್ಣಿಟ್ಟೆ. ಕಪ್ಪು ಬಟ್ಟೆಯ ಮೇಲೆ ಹಿಟ್ಟಿನ ಬೆರಳು ಊರಿದ ಹಾಗೆ ಒಂದು ಕಲೆ ಇತ್ತು.

"ಬಾಲ ಎಲ್ಲೈತ್ರಿ?"

"ಇನ್ನ ಬರ್ತೈತ್ರಿ. ಸೂರ್ಯನ ಹತ್ರ ಹೋದಂಗ ಕಾಯ್ತೈತಿ, ಹೊಗಿ ಬಿಡ್ತೈತಿ. ನಿನ್ನೆ ಈ ಚುಕ್ಕಿ ಬಾಜೂಕ ಇತ್ತು, ಇವತ್ತ ಅಲ್ಲಿಗಿ ಸರದೈತಿ. ಸರದೈತಿ ಅಂದ್ರ ಅದ ಅದು. ಮಬ್ಬಾದ್ರ ಸರಿಯೂದಿಲ್ಲ."

ಅಷ್ಟು ಸಂತೋಷದ ಮುಖ ನಾನು ನೋಡಿರಲಿಲ್ಲ. ನಮ್ಮ ಯಜಮಾನರು ಮಗ ಹುಟ್ಟಿದಾಗಲೂ ಅಷ್ಟು ಹಿಗ್ಗಿರಲಿಲ್ಲ. ಅಂದೇ ಪೋಸ್ಟಾಫೀಸಿಗೆ ಹೋಗಿ ದೂರದ ವೇಧಶಾಲೆಗೆ ತಾರು ಕೊಟ್ಟರು. ತಾರಿನ ಗುಮಾಸ್ತ ಊರೆಲ್ಲ ಹೇಳಿದ. ನೀಲವ್ವ ಕೂಡ ಬಂದು ಮಾಳಿಗೆ ಹತ್ತಿ ಕೊಳವೆಯಲ್ಲಿ ಇಣುಕಿ, "ಇಷ್ಟ ಏನ" ಎಂದು ಇಳಿದಳು.

ಧಾರೆ ಸೀರೆ ಮುಗಿದು ಕಮತಗಿಗೆ ಹೋಗುವ ಹೊತ್ತಿಗೆ ಉತ್ತರ ಬಂತು. ಚುಕ್ಕಿ ನಿಜ, ಬಾಲಚುಕ್ಕಿಯೇ ನಿಜ. ಆದರೆ ಜಪಾನಿನ ಯಾರೋ ಒಬ್ಬರು ವಾರಕ್ಕೆ ಮೊದಲೇ ಅದನ್ನು ಕಂಡಿದ್ದರು. ಹೆಸರೂ ಆಗಿಹೋಗಿತ್ತು.

ಮಾಸ್ತರ ಆ ದಿನ ಸ್ಟೋವು ಹಚ್ಚಲಿಲ್ಲ. ಸಂಜೆ ಅತ್ತೆ ರೊಟ್ಟಿ, ಪುಂಡಿಪಲ್ಲೆ ತೆಗೆದುಕೊಂಡು ಹೋಗಿ ಖೋಲಿಯ ಮುಂದೆ ಇಟ್ಟು, ಅಲ್ಲೇ ಕೂತರು. ಮಗ್ಗ ಮೊದಲೇ ನಿಲ್ಲಿಸಿದ್ದರೆ ಹೆಸರು ಸಿಗುತ್ತಿತ್ತೆಂದು ಓಣಿಯಲ್ಲಿ ಕೆಲವರು ಅಂದರು. ಸುಳ್ಳು. ವಾರಕ್ಕೆ ಮೊದಲೆಂದರೆ ವಾರಕ್ಕೆ ಮೊದಲು. ಮಾಸ್ತರ ತಾವೇ ಹಾಗೆ ಹೇಳಿದರು.

"ಹೋಗ್ಲಿ ಬಿಡ" ಎಂದರು ಅತ್ತೆ. "ಹೆಸರ ಅವಂದು ಆತು. ಈಗ ಅದು ಎತ್ತಾಗ ಹೋಗ್ತೈತಿ, ಅದನ್ನರ ನೀ ಹೇಳ."

ನನಗೆ ಅನ್ನಿಸುತ್ತದೆ, ಮಾಸ್ತರ ಮತ್ತೆ ಎದ್ದು ನಿಂತದ್ದು ಆ ಮಾತಿಗೆ. ಕೈತೊಳೆದು ಅಂಗಳಕ್ಕೆ ಬಂದರು. ಬೀಸುವ ಕಲ್ಲು ಸೂರ್ಯ ಎಂದರು. ಕಲ್ಲಿಗೆ ಹತ್ತಿಕೊಂಡು ಸುತ್ತಿ, ಅಲ್ಲಿಂದ ದನದ ಕೊಟ್ಟಿಗೆಯವರೆಗೆ ಉದ್ದಕ್ಕೆ ಹೋಗಿ, ಹೊರಳಿ ಮತ್ತೆ ಕಲ್ಲಿಗೆ ಬಂದರು. ಕಲ್ಲಿನ ಹತ್ತಿರ ಓಡುತ್ತಿದ್ದರು, ಕೊಟ್ಟಿಗೆಯ ಹತ್ತಿರ ಕಾಲೆಳೆಯುತ್ತಿದ್ದರು. ಎಮ್ಮೆ ಮೇವು ಬಿಟ್ಟು ನೋಡುತ್ತಿತ್ತು.

"ಹಂಗ್ಯಾಕ್ರಿ? ಇಲ್ಲಿ ಓಟ, ಅಲ್ಲಿ ಮೆಲ್ಲಕ?"

"ಸೂರ್ಯ ಎಳೀತಾನ್ರಿ. ಹತ್ರ ಬಂದಂಗ ಜೋರ, ದೂರ ಹೋದಂಗ ಮೆಲ್ಲಕ."

"ಅಂದ್ರ ಸೂರ್ಯ ಅದರ ತವರುಮನಿ. ಬರೂವಾಗ ಓಡಿ ಬರ್ತೈತಿ, ಹೋಗೂವಾಗ ಕಾಲ ಏಳೂದಿಲ್ಲ" ಎಂದೆ.

"ನನ್ನ ಮುಂದ ಹೇಳ್ತಿ ಏನ ಇದನ್ನ?" ಎಂದರು ಅತ್ತೆ. ಆದರೆ ನಕ್ಕರು.

ಬಾಲದ ವಿಷಯ ಅವರಿಗೆ ಇನ್ನೂ ಚುಚ್ಚುತ್ತಿತ್ತು. ಗುಡಿಸುವುದೋ ಇಲ್ಲವೋ ಹೇಳು ಎಂದರು. ಮಾಸ್ತರ ತಮ್ಮ ಟವೆಲ್ಲು ತೆಗೆದುಕೊಂಡು ತೋರಿಸಿದರು. ಬಾಲ ಯಾವಾಗಲೂ ಸೂರ್ಯನ ಎದುರು ದಿಕ್ಕಿಗೆ. ಬರುವಾಗ ಅದನ್ನು ಹಿಂದೆ ಎಳೆದುಕೊಂಡು ಬರುತ್ತದೆ. ಹೋಗುವಾಗ ಬಾಲವೇ ಮುಂದೆ, ತಲೆ ಸೂರ್ಯನ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಸರಿಯುತ್ತದೆ. ಹಾಗೆ ಸರಿಯುತ್ತ ಸರಿಯುತ್ತ ಅವರು ಹೊಸ್ತಿಲವರೆಗೆ ಹೋದರು, ಕಲ್ಲಿಗೆ ಬೆನ್ನು ತೋರಿಸದೆ.

ಅತ್ತೆ ಹೊಸ್ತಿಲ ಕಡೆ ಬೆರಳು ಮಾಡಿದರು.

"ಮಠದಾಗ ಅಪ್ಪಗಳ ಪಾದಕ್ಕ ಎರಗಿ, ಬೆನ್ನ ತೋರಸದ ಹೊರಗ ಬಂದಂಗ."

"ಹೌದ್ರಿ, ಹಂಗ."

"ಹಂಗಾರ ಅದಕ್ಕ ಮರ್ಯಾದಿ ಗೊತ್ತೈತಿ. ಕಸಬರಿಗಿ ಅಲ್ಲ ಬಿಡ."

ಅಂದಿನಿಂದ ನಮ್ಮ ಮನೆಯಲ್ಲಿ ಅದನ್ನು ಯಾರೂ ಅಪಶಕುನ ಎನ್ನಲಿಲ್ಲ. ಧಾರೆ ಸೀರೆ ಉಟ್ಟ ಆ ಕಮತಗಿಯ ಹುಡುಗಿ ಈಗ ಮೊಮ್ಮಕ್ಕಳನ್ನು ಕಟ್ಟಿಕೊಂಡು ಚೆನ್ನಾಗಿದ್ದಾಳೆ, ತೂಕವೂ ಚೆನ್ನಾಗಿ ಬಂದಿದೆ.

ಮಾಸ್ತರ ತಮ್ಮ ಮೂರು ಬೆಳಗಿನ ಟಿಪ್ಪಣಿ ಹಿಡಿದು ಆ ಮಳೆಗಾಲವೆಲ್ಲ ಲೆಕ್ಕ ಹಾಕಿದರು. ಹೆಸರು ಹೋದರೂ ದಾರಿಯಾದರೂ ತಮ್ಮ ಕೈಯಿಂದ ಹೊರಡಬೇಕು, ಅಷ್ಟೇ ಅವರ ಹಟ. ಕೊನೆಗೊಂದು ದಿನ ಬಂದು, ಇಂಥ ವರ್ಷ ದೀಪಾವಳಿಯ ಸುಮಾರಿಗೆ ಅದು ತಿರುಗಿ ಬರುತ್ತದೆ ಎಂದರು. ಆಗ ನನ್ನ ತಲೆಗೂದಲು ಬೆಳ್ಳಗಾಗಿರುತ್ತದೆ ಎಂದೂ ಸೇರಿಸಿದರು. ಅದಕ್ಕೆ ಲೆಕ್ಕ ಬೇಕಿರಲಿಲ್ಲ. ಮುಂದೆ ಅವರಿಗೆ ವರ್ಗವಾಯಿತು, ಬಾದಾಮಿಯ ಕಡೆಯ ಹೆಣ್ಣಿನೊಂದಿಗೆ ಮದುವೆಯಾಯಿತು, ಬಾಗಲಕೋಟೆಯಲ್ಲಿ ಮನೆಯಾಯಿತು. ಅತ್ತೆ ಆ ಮದುವೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದರು. ಅತ್ತೆ ತೀರಿಕೊಂಡ ಮೇಲೆ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿದೆವು.

ಹೇಳಿದ ವರ್ಷ ಮಾಸ್ತರ ಬಂದರು. ನಿವೃತ್ತಿಯಾಗಿತ್ತು. ಹೆಗಲಿಗೆ ಒಂದು ಸಣ್ಣ ದುರ್ಬೀನು. ದೀಪಾವಳಿಯ ಬೆಳಗುಗಳಲ್ಲಿ ನಾವಿಬ್ಬರೂ ಸ್ಲ್ಯಾಬಿನ ಮೇಲೆ ಚಳಿಗೆ ನಡುಗುತ್ತ ನಿಂತೆವು. ಚುಕ್ಕಿಗಳಿದ್ದವು, ಅದಿರಲಿಲ್ಲ.

"ನಿಮ್ಮ ಚುಕ್ಕಿ ಬಸ್ ತಪ್ಪಿಸ್ಕೊಂಡೈತೇನ್ರಿ?"

ಮಾಸ್ತರಿಗೆ ನಗು ಬರಲಿಲ್ಲ. "ಮೂರು ಮುಂಜಾನಿ ಒಂದಕ್ಕೊಂದು ಹತ್ತಿದ್ದು ಆದೂವ್ರಿ ಅಕ್ಕಾರ. ನಡಕ ತಿಂಗಳೊಪ್ಪತ್ತು ಬಿಟ್ಟು ನೋಡಬೇಕಿತ್ತು. ಗೇಣುದ್ದ ನೂಲ ನೋಡಿ ಹಾಸಿನ ಉದ್ದ ಹೇಳಿದಂಗಾತು ನಂದು."

ಮುಂದಿನ ಸೀರೆಯ ಕೊಂಡಿಗೆ ಮಗ್ಗ ಮತ್ತೆ ನಿಂತಾಗ ಮೋಡ ಕವಿದು ಅವರಿಗೆ ನೋಡಲಾಗದ್ದು ನನಗೆ ನೆನಪಿತ್ತು. "ನೀವ ಮೂರು ಕೇಳಿದ್ರಿ, ನಾ ಮೂರು ಕೊಟ್ಟೆ" ಎಂದೆ. "ಹೌದ್ರಿ, ಕೇಳಿದ್ದ ತಪ್ಪಾತು" ಎಂದರು. ಅಲ್ಲಿಂದ ಮುಂದೆ ಅವರ ಸುದ್ದಿಯೇ ಇಲ್ಲ. ಹಬ್ಬಕ್ಕೆ ಬರುತ್ತಿದ್ದ ಫೋನೂ ನಿಂತಿತು.

ಇಷ್ಟು ಹೇಳುವಷ್ಟರಲ್ಲಿ ಚಹಾ ಆರಿತ್ತು, ಕರೆಂಟು ಬಂದಿತ್ತು, ಓಣಿ ಮತ್ತೆ ಬಡಿದುಕೊಳ್ಳತೊಡಗಿತ್ತು. ಅಕ್ಷತಾ ಮೊಬೈಲಿನಲ್ಲಿ ಏನೇನೋ ಒತ್ತಿದಳು. ಯಾವ ವರ್ಷ, ಯಾವ ತಿಂಗಳು ಕಂಡದ್ದು ಎಂದು ಕೇಳಿದಳು. ಅವಳ ಅಪ್ಪ ಹುಟ್ಟಿದ ಮರುವರ್ಷ, ಸಂಕ್ರಾಂತಿಯ ಮೇಲೆ ಎಂದೆ. ಸ್ವಲ್ಪ ಹೊತ್ತಿಗೆ ಮುಖ ಎತ್ತಿದಳು.

"ಆಯಿ, ಅದು ಈಗ ಬಂದೈತಿ. ಸಂಜೀಕ ಪಡುವಣಕ್ಕ. ದುರ್ಬೀನ ಇದ್ರ ಕಾಣ್ತೈತಂತ."

ನಾನು ಫೋನು ಹಚ್ಚಲು ಹೇಳಿದೆ. ಆ ಕಡೆ ಮಾಸ್ತರದೇ ದನಿ, ತುಂಬ ಸಣ್ಣಗಾಗಿತ್ತು.

"ಬಂದೈತಲ್ರಿ, ಹೇಳಲಿಲ್ಲ ಯಾಕ?"

"ಒಮ್ಮೆ ಸುಳ್ಳ ಹೇಳಿ ಚಳ್ಯಾಗ ನಿಲ್ಲಿಸಿದ್ನೆಲ್ರಿ ನಿಮ್ಮನ್ನ. ಮತ್ತ ಹೆಂಗ ಹೇಳ್ಲಿ?"

"ನೀವು ನೋಡೀರೇನು?"

ಅವರು ಮಾತು ಬೇರೆ ಕಡೆ ತಿರುಗಿಸಿದರು. ನೋಡಿಲ್ಲವೆಂದು ತಿಳಿಯಿತು.

ಅಕ್ಷತಾಳ ರಜೆ ಮುಗಿದಿತ್ತು. ಅವಳನ್ನು ಬಿಡುವ ನೆವಕ್ಕೆ ನಾನೂ ಬಸ್ಸು ಹತ್ತಿದೆ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಂದು ಪಂಚೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿಕೊಂಡಿದ್ದೆ. ಕಮತಗಿಯಲ್ಲಿ ಬಸ್ಸು ನಿಂತಾಗ ಅಕ್ಷತಾ ಗಂಟು ಬಿಚ್ಚಲು ಕೈ ಹಾಕಿದಳು, ಕೈಗೆ ಹೊಡೆದೆ. ಸಂಜೆಯ ಹೊತ್ತಿಗೆ ವಿದ್ಯಾಗಿರಿ. ಮಾಸ್ತರ ಬಾಗಿಲು ತೆಗೆದರು. ಈಗ ಅವರು ತೊಲೆಗೆ ತಲೆ ಬಡಿಸಿಕೊಳ್ಳುವಷ್ಟು ಎತ್ತರವಿಲ್ಲ. ಅವರ ಹೆಂಡತಿ, "ಆ ಚುಕ್ಕಿ ಬಂದ ದಿನದಿಂದ ಸಂಜಿಗೊಮ್ಮೆ ಮ್ಯಾಲ ಹೋಗ್ತಾರ್ರಿ, ಸಿಟ್ಟಾಗಿ ಇಳೀತಾರ" ಎಂದರು.

ತಾರಸಿ ಹತ್ತಿದೆವು. ಹಿನ್ನೀರಿನ ಕಡೆ ಆಕಾಶ ಇನ್ನೂ ಕೆಂಪಗಿತ್ತು. ಮಾಸ್ತರ ದುರ್ಬೀನನ್ನು ಕಣ್ಣಿಗೆತ್ತಿದರು. ಎರಡೂ ಕೈ ನಡುಗುತ್ತಿದ್ದವು. ಇಳಿಸಿದರು, ಮತ್ತೆ ಎತ್ತಿದರು.

"ಎಲ್ಲಾ ಕುಣಿತೈತ್ರಿ" ಎಂದರು. "ಅವಾಗ ನಿಮ್ಮ ಮಗ್ಗ ಕೆಳಗ ಇತ್ತು. ಈಗ ಮಗ್ಗ ನನ್ನ ಕೈಯಾಗ ಬಂದು ಕುಂತೈತಿ. ನಿಲ್ಲಿಸಂದ್ರ ನಿಲ್ಲೂದಿಲ್ಲ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ತಾರಸಿಯ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಇಟ್ಟೆ, ಅಂಗೈಯಿಂದ ಒತ್ತಿ ನಡುವೆ ಒಂದು ಗುಂಡಿ ಮಾಡಿದೆ. ಒಳಗೆ ರೊಟ್ಟಿಗಳು ಚಟಚಟ ಮುರಿದವು. ದುರ್ಬೀನು ಇಸಿದುಕೊಂಡು ಆ ಗುಂಡಿಯಲ್ಲಿ ಕೂಡ್ರಿಸಿದೆ. ಅದು ಕೂತಿತು, ಅಲ್ಲಾಡಲಿಲ್ಲ. ಅಕ್ಷತಾ ಮೊಬೈಲು ನೋಡಿ ದಿಕ್ಕು ತೋರಿಸಿದಳು, ನಾನು ಅತ್ತ ತಿರುಗಿಸಿ ಒಮ್ಮೆ ಕಣ್ಣಿಟ್ಟೆ. ಅದೇ ಹಿಟ್ಟಿನ ಬೆರಳಿನ ಕಲೆ. ಈ ಸಲ ಒಂದು ಬದಿಗೆ ಸ್ವಲ್ಪ ಜಾರಿತ್ತು, ಸೂರ್ಯ ಮುಳುಗಿದ ಕಡೆಗಲ್ಲ, ಅದರ ಎದುರು ದಿಕ್ಕಿಗೆ. ಮರ್ಯಾದೆ ಮರೆತಿರಲಿಲ್ಲ.

ಪಕ್ಕಕ್ಕೆ ಸರಿದೆ.

"ಮಗ್ಗ ನಿಂತೈತ್ರಿ ಮಾಸ್ತರ. ನೋಡ್ಕೋರಿ."

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿದರು. ಬಹಳ ಹೊತ್ತು ಎದ್ದೇಳಲಿಲ್ಲ.

"ಅದ ಅದು" ಎಂದರು ಕೊನೆಗೆ, ಬಾಗಿದಂತೆಯೇ. "ತಡ ಮಾಡಿದ್ದು ಅದಲ್ಲ, ಅಕ್ಕಾರ. ಅವಸರ ಮಾಡಿದಾವ ನಾ."

ಆಮೇಲೆ ಕೆಳಗಿಳಿದು ಮುರಿದ ರೊಟ್ಟಿಯನ್ನು ಮೊಸರಿನಲ್ಲಿ ಕಲಸಿಕೊಂಡು ಎಲ್ಲರೂ ಉಂಡೆವು. ಮಾಸ್ತರ ಎರಡು ಸಲ ನೀಡಿಸಿಕೊಂಡರು. ಮುಂದಿನ ಸಲ ಅದು ಬರುವಾಗ ನಾವಿಬ್ಬರೂ ಇರುವುದಿಲ್ಲ ಎಂದು ಅವರು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಉಣ್ಣುವಾಗ ಗೊತ್ತಿದ್ದದ್ದನ್ನು ಹೇಳುವುದರಲ್ಲಿ ಅರ್ಥವಿಲ್ಲ.

ಇವತ್ತು ಬೆಳಗಿನ ಜಾವ ಮತ್ತೆ ಕರೆಂಟು ಹೋಯಿತು. ಮೊದಲಾದರೆ ಲೈನ್‌ಮನ್ನಿಗೆ ಒಂದೆರಡು ಬೈದು ಕಂದೀಲು ಹುಡುಕುತ್ತಿದ್ದೆ. ಇವತ್ತು ಹುಡುಕಲಿಲ್ಲ. ಚಹಾದ ಲೋಟ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಮೊಣಕಾಲು ಒಪ್ಪಿದಷ್ಟು ಹೊತ್ತು ಕತ್ತೆತ್ತಿ ನಿಂತೆ. ಆಚೆ ಮನೆಯಿಂದ ನೀಲವ್ವನ ಸೊಸೆ ಕೇಳಿದಳು, "ಏನ ನೋಡಾಕತ್ತೀರಿ ಆಯಿ, ಅಲ್ಲೇನೈತಿ?"

"ಮಗ್ಗ ನಿಂತೈತಲ್ಲ" ಎಂದೆ. "ನೀನೂ ನೋ‌ಡ ಬಾ."